ಮುಖದ ಜಾಗ

ಇವತ್ತೂ ಬಂದದ್ದು ಲಕ್ಷ್ಮಿಯ ಮುಖವೇ. ಗರಗಸದ ತಂತಿ ಗಲ್ಲದ ತಿರುವು ದಾಟುವಾಗಲೇ ಅವನಿಗೆ ಗೊತ್ತಾಗಿಹೋಗಿತ್ತು. ಆದರೂ ಈ ಸಲ ಏನಾದರೂ ಆದೀತು, ಕೈ ತಾನಾಗಿಯೇ ಬೇರೆ ಕಡೆ ಹೊರಳೀತು ಅಂತ ಉಸಿರು ಬಿಗಿಹಿಡಿದು ಕೂತಿದ್ದ. ಏನೂ ಆಗಲಿಲ್ಲ. ಹೆಬ್ಬೆರಳಗಲದ ಆ ಬಿಳಿ ಮರದ ಚೂರಿನ ಮೇಲೆ ಮೊನೆಯಿಂದ ಕಣ್ಣು ಗೀರಿ, ಮೂಗು ಗೀರಿ, ತುಟಿ ಗೀರಿ, ಊದಿ ಪುಡಿ ಹಾರಿಸಿ ಕಿಟಕಿಯ ಬೆಳಕಿಗೆ ಹಿಡಿದ. ಅದೇ ಇಳಿಗಲ್ಲ, ಅದೇ ಎಸಳುಗಣ್ಣು, ಯಾರನ್ನೂ ನೋಡಿ ನಗದೆ ಎಲ್ಲರಿಗೂ ಸೇರಿಸಿ ನಕ್ಕಂಥ ಅದೇ ಸಣ್ಣ ನಗು. ಥೂ ನಿನ್ನ, ಅಂದುಕೊಂಡ. ಅಂದದ್ದು ಯಾರಿಗೆ ಅಂತ ತಿಳಿಯಲಿಲ್ಲ, ದೇವರಿಗೆ ಹಾಗನ್ನಬಾರದು ಅಂತ ಹೊಳೆದು ನಾಲಿಗೆ ಕಚ್ಚಿಕೊಂಡ. ಪಕ್ಕದ ತಗಡಿನ ಡಬ್ಬಿಯಲ್ಲಿ ಆಗಲೇ ಒಂದು ಹಿಡಿ ದೇವತೆಯರಿದ್ದರು, ಎಲ್ಲರೂ ಈ ತಿಂಗಳಿನವರು, ಎಲ್ಲರೂ ಅಕ್ಕತಂಗಿಯರಲ್ಲ, ಒಬ್ಬಳೇ. ಇವಳನ್ನೂ ಅದರೊಳಗೆ ಹಾಕಿ ಮುಚ್ಚಳ ಒತ್ತಿದ. ಎದುರಿನ ಹಲಗೆಯಲ್ಲಿ ಸರಸ್ವತಿ ಕೂತಿದ್ದಳು; ಬೀಟೆಯ ಕಪ್ಪಿನಲ್ಲಿ ಹಲಸಿನ ಹಳದಿ ಸೀರೆ, ತೊಡೆಯ ಮೇಲೆ ವೀಣೆ, ಪಕ್ಕದಲ್ಲಿ ಕತ್ತು ಕೊಂಕಿಸಿದ ಹಂಸ, ಕಿರೀಟದ ಕೆಳಗೆ ಮಾತ್ರ ಮುಖದ ಜಾಗದಲ್ಲಿ ಒಂದು ಗುಳಿ. ಇವತ್ತು ಸಂಜೆ ಹಲಗೆ ಕಟ್ಟಿ ಕಳಿಸಬೇಕು.

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮುಖದಣ್ಣ ಅಂತಲೇ ಕರೆಯುವುದು. ಮೈ ಕೆಲಸ ಅವನದು. ಅಂದರೆ ದೇವರ ಮುಖ, ಕೈ, ಕಾಲು. ಇವು ಮೂರನ್ನೂ ಒಂದೇ ಹಲಗೆಯಿಂದ ಒಬ್ಬನೇ ಕೊಯ್ಯಬೇಕು, ಇಲ್ಲದಿದ್ದರೆ ಮುಖಕ್ಕೊಂದು ಬಣ್ಣ ಪಾದಕ್ಕೊಂದು ಬಣ್ಣ ಬಂದು ದೇವರು ಎರವಲು ಕಾಲು ಹಾಕಿಕೊಂಡ ಹಾಗೆ ಕಾಣುತ್ತಾನೆ. ಸೀರೆ, ಒಡವೆ, ಮರ, ಹಕ್ಕಿ ಬೇರೆಯವರದು. ಬೀಟೆಯ ಮೇಲೆ ತುಂಡನ್ನಿಟ್ಟು ಸುತ್ತ ಗೆರೆ ಹೊಡೆದು, ಉಳಿಯಲ್ಲಿ ಗುಳಿ ತೋಡಿ, ಅಂಟು ಹಚ್ಚಿ ಕೂರಿಸಿದರೆ ಕೂದಲು ತೂರಲೂ ಸಂದಿರಬಾರದು. ಬಣ್ಣ ಬಳಿಯುವ ಹಾಗಿಲ್ಲ, ಮರದ್ದೇ ಬಣ್ಣ. ಅವನು ಹಾಳೆಯ ಮೇಲೆ ಬರೆದುಕೊಳ್ಳದೆ ನೇರ ಕೈಯಲ್ಲೇ ಮುಖ ಕೊಯ್ಯುತ್ತಿದ್ದ, ಅದಕ್ಕೇ ಹೆಸರು. ಯಜಮಾನರು ಬಂದವರಿಗೆಲ್ಲ ತೋರಿಸಿ, "ನಮ್ಮ ಮುಖದಣ್ಣ ಕಣ್ಣು ಕಟ್ಟಿ ಕೂರಿಸಿದ್ರೂ ದೇವರನ್ನ ತೆಗೀತಾನೆ ನೋಡಿ" ಅನ್ನುವರು. ಅವನು ತಲೆ ಬಗ್ಗಿಸಿಯೇ ಹ್ಞೂಂ ಅನ್ನುವನು. ಉಜ್ಜಿ ನುಣುಪು ಮಾಡುವವನು, ಅವನಿಗೆ ಉಜ್ಜಪ್ಪ ಅಂತಲೇ ಹೆಸರು ಬಿದ್ದಿತ್ತು, ಅವನ ಬಾಯಿಗೆ ಮಾತ್ರ ಹಿಡಿತವಿಲ್ಲ: "ಲಕ್ಷ್ಮಿಗೂ ಅದೇ ಮುಖ, ಸರಸ್ವತಿಗೂ ಅದೇ ಮುಖ, ಪಾರ್ವತಿಗೂ ಅದೇ. ಕೈಯಲ್ಲಿ ಏನು ಹಿಡ್ಕೊಂಡಿದ್ದಾರೆ ಅಂತ ನೋಡಿ ನಾವು ಕೈ ಮುಗೀಬೇಕು, ಅಲ್ವೇನಣ್ಣಾ?" ಆಗೆಲ್ಲ ಅವನಿಗೂ ನಗು ಬರುತ್ತಿತ್ತು. ಈಗ ಆ ಮಾತು ನೆನಪಾದರೆ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತುತ್ತಾನೆ.

ಮಗಳು ಹೋಗಿ ವರ್ಷವಾಗುತ್ತ ಬಂತು. ಗಿಲಕಿ ಅಂತ ಕರೆಯುತ್ತಿದ್ದರು ಮನೆಯಲ್ಲಿ, ಅಷ್ಟು ಮಾತು. ಜ್ವರ ಅಂತ ಮಲಗಿದವಳು, ಎದೆಗೆ ಇಳಿಯಿತು ಅಂದರು, ಅಷ್ಟೇ. ಗೋಡೆಯ ಮೇಲೆ ಅವಳದೊಂದು ದೊಡ್ಡ ಫೋಟೋ ಇತ್ತು, ಕಾಲೇಜಿನ ಕಾರ್ಡಿಗೆ ತೆಗೆಸಿದ್ದನ್ನೇ ಹಿಗ್ಗಿಸಿದ್ದು. ಫೋನಿನಲ್ಲಿದ್ದವೆಲ್ಲ ಫೋನಿನ ಜೊತೆಗೇ ಕೆಟ್ಟುಹೋಗಿದ್ದವು. ಅಲ್ಲಾಡಬೇಡಮ್ಮಾ ಅಂದಿದ್ದನೋ ಏನೋ ಫೋಟೋದವನು, ಜನ್ಮದಲ್ಲಿ ಒಂದು ನಿಮಿಷ ಸುಮ್ಮನೆ ಕೂರದವಳು ಅದರಲ್ಲಿ ಉಸಿರು ಕಟ್ಟಿಕೊಂಡು, ಯಾರದೋ ಮನೆಗೆ ಬಂದು ಹಜಾರದಲ್ಲಿ ಕಾಯುತ್ತಿರುವವಳ ಹಾಗೆ ಕೂತಿದ್ದಾಳೆ. ಹೋದ ತಿಂಗಳು ಒಂದು ಬೆಳಿಗ್ಗೆ ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಹೆಂಡತಿ ಅದನ್ನು ಇಳಿಸಿ ಟವಲಿನಲ್ಲಿ ಸುತ್ತುತ್ತಿದ್ದಳು. ಯಾಕೇ ಅಂದ. "ಇದು ಅವಳನ್ನ ತಿಂದುಹಾಕ್ತಾ ಇದೆ ರೀ. ಕಣ್ಣು ಮುಚ್ಚಿದ್ರೆ ಇದೇ ಬರುತ್ತೆ. ಇದು ಅವಳೇನ್ರೀ? ನೀವೇ ಹೇಳಿ, ಇದು ಅವಳಾ?" ಅಂದವಳು ಪೆಟ್ಟಿಗೆಗೆ ಹಾಕಿ ಬೀಗ ಹಾಕಿಬಿಟ್ಟಳು. ಆಮೇಲೆ ಅವನ ಮುಂದೆ ಬಂದು ನಿಂತು, "ನೀವು ಮಾಡಿ. ಊರಿನ ದೇವರನ್ನೆಲ್ಲ ಮಾಡ್ತೀರಿ, ಅವಳದೊಂದು ಮುಖ ಮಾಡೋಕಾಗಲ್ವಾ? ಯಾವ ದೇವಿಗಾದ್ರೂ ಸರಿ, ಕೂರಿಸಿಬಿಡಿ. ಯಾರಿಗೂ ಗೊತ್ತಾಗಲ್ಲ. ಒಂದ್ಸಲ ನಾನು ಬಂದು ನೋಡ್ತೀನಿ, ಆಮೇಲೆ ಯಾರ ಮನೆ ಗೋಡೆಗಾದ್ರೂ ಹೋಗ್ಲಿ, ಎಲ್ಲೋ ಇದ್ದಾಳೆ ಅಂತ ಇರುತ್ತೆ ನನಗೆ" ಅಂದಳು. ಅವನು ಹ್ಞೂಂ ಅಂದ. ಹ್ಞೂಂ ಅನ್ನುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು, ಅಂದಮೇಲೆ ಏನಂದೆ ಅಂತ ತಿಳಿಯುವುದು.

ಅವತ್ತಿನಿಂದ ಅವಳು ಹೊಲಿಗೆ ಅಂಗಡಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೇಳುವಳು, "ಬಂತಾ?" ಅವನು, "ಬರ್ತಾ ಇದೆ." ಸುಳ್ಳು ಅಂತ ಅನ್ನಿಸಿರಲಿಲ್ಲ ಮೊದಲ ವಾರ. ಕೈಗೆ ಗೊತ್ತಿರುತ್ತದೆ, ಕೂತರೆ ಬರುತ್ತದೆ ಅಂತಲೇ ಅಂದುಕೊಂಡಿದ್ದ. ಕೂತ. ಗಲ್ಲ ಹೇಗಿತ್ತು? ಅಗಲವಿತ್ತು. ಇತ್ತೇ? ಅಥವಾ ತಾಯಿಯ ಹಾಗೆ ಕೆಳಗೆ ಸಣ್ಣಗಾಗುತ್ತಿತ್ತೇ? ಹುಬ್ಬು ಕೂಡಿದ್ದವೇ? ಧ್ವನಿ ಕೇಳಿಸುತ್ತಿತ್ತು, ಅಪ್ಪಾ ಊಟದ ಡಬ್ಬಿ ಇಟ್ಟಿದ್ದೀನಿ ಆರಿಹೋಗುತ್ತೆ ಅಂತ ಕೂಗುವುದು ಕಿವಿಯಲ್ಲೇ ಇತ್ತು, ಅದು ಹೊರಡುವ ಬಾಯಿ ಮಾತ್ರ ಕಾಣಿಸುತ್ತಿರಲಿಲ್ಲ. ಬಾಯಿಯ ಜಾಗದಲ್ಲಿ ಒಂದು ಸಣ್ಣ ನಗು ಬಂದು ಕೂರುತ್ತಿತ್ತು, ಅವನದೇ ಕೈಯ ನಗು, ಸಾವಿರ ಸಲ ಗೀರಿದ್ದು. ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗಿದ್ದ ಮಗುವಿನ ಮುಖವನ್ನು ಇವನ ದೇವತೆಗಳು ತಿಂದುಹಾಕಿದ್ದರು, ಫೋಟೋ ಹೆಂಡತಿಯ ನೆನಪನ್ನು ತಿಂದ ಹಾಗೆ. ಅಥವಾ ತಿನ್ನಲು ಅಲ್ಲಿ ಏನೂ ಇರಲೇ ಇಲ್ಲವೋ, ತಾನು ಯಾವತ್ತಾದರೂ ನೋಡಿದ್ದರಲ್ಲವೇ ಇರುವುದು ಅಂತ ಅನ್ನಿಸಿದಾಗ ಮೊನೆ ಜಾರಿ ಹೆಬ್ಬೆರಳಿಗೆ ಹೊಕ್ಕಿತು. ಗುಳಿಯನ್ನು ತೋಡಿದ್ದೂ ಅವನೇ, ಮುಖ ಕೊಯ್ಯುವ ಮೊದಲೇ, ಎಂದಿನ ಅಳತೆಗೆ. ಅವಳ ಮುಖವೇ ಬಂದಿದ್ದರೂ ಅದರಲ್ಲಿ ಕೂರುತ್ತಿತ್ತೋ ಇಲ್ಲವೋ! ಈ ಬುದ್ಧಿ ಬಂದದ್ದೂ ತಡವಾಗಿ.

ಆಸ್ಪತ್ರೆಯದು ಅವನು ಯಾರಿಗೂ ಹೇಳಿಲ್ಲ. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು, ನೀವು ಒಳಗೆ ಹೋಗಿ ಅವಳ ಹತ್ತಿರ ಕೂತಿರಿ ಅಂದಿದ್ದಳು. ಉದ್ದನೆಯ ಕೋಣೆ, ಎರಡೂ ಕಡೆ ಮಂಚ, ಮಲಗಿದವರಿಗೆಲ್ಲ ಮೂಗುಬಾಯಿ ಮುಚ್ಚುವ ಗವುಸು, ಒಂದೇ ನಮೂನೆಯ ಹಸಿರು ಹೊದಿಕೆ. ಅವನು ಸೀದಾ ಹೋಗಿ ಕಿಟಕಿಯ ಪಕ್ಕದ ಮಂಚದಲ್ಲಿ ಕೂತು ಹಣೆ ಸವರಿದ, ಕೂದಲು ಸರಿಮಾಡಿದ, ಏನಾಗಲ್ಲ ಕಣಮ್ಮಾ ಅಂದ, ಎಂದೂ ಆಡದ ಮಾತುಗಳನ್ನೆಲ್ಲ ಆಡಿದ. ಹುಡುಗಿ ಕಣ್ಣು ತೆರೆದು ನೋಡುತ್ತಿತ್ತು. ಯಾರೋ ಹೆಂಗಸು ಬಂದು, "ಯಾರ್ರೀ ನೀವು? ನಮ್ಮ ಮಗೂನ ಯಾಕೆ ಮುಟ್ತೀರಿ?" ಅಂದಾಗ ಕೈ ಹಿಂದೆಗೆದುಕೊಂಡ. ಎದ್ದು ತಿರುಗಿದರೆ ಮೂರನೆಯ ಮಂಚದಿಂದ ಒಂದು ಜೊತೆ ಕಣ್ಣು ಅವನನ್ನೇ ನೋಡುತ್ತಿದ್ದವು. ಎಷ್ಟು ಹೊತ್ತಿನಿಂದ ನೋಡುತ್ತಿದ್ದವೋ. ಬೇರೆಯ ಮಗುವಿಗೆ ಅಪ್ಪ ಹೇಳುತ್ತಿದ್ದ ಮಾತನ್ನೆಲ್ಲ ಕೇಳಿಸಿಕೊಂಡಿತ್ತೋ ಏನೋ. ಆ ಕಣ್ಣಾದರೂ ನೆನಪಿರಬೇಕಿತ್ತಲ್ಲ ಪಾಪಿಗೆ! ಅವನು ಆಗಲೂ ತಲೆ ಬಗ್ಗಿಸಿಬಿಟ್ಟಿದ್ದ, ನಾಚಿಕೆಗೆ.

"ಏನಣ್ಣಾ, ದೇವರು ಒಲೀಲಿಲ್ವಾ ಇನ್ನೂ?" ಯಜಮಾನರು ಬಂದು ನಿಂತಿದ್ದರು, ಅವರ ಬೂಟಿನ ತುದಿ ಕಂಡಿತು. "ಸರಸ್ವತೀನ ಮಾಡಿಸ್ತಿರೋ ಸಂಗೀತ ಶಾಲೆಯವರು ಎರಡು ಸಲ ಫೋನ್ ಮಾಡಿದ್ರು. ಸಂಜೆ ಗಾಡಿ ಬರುತ್ತೆ. ಒಂದು ಮುಖಕ್ಕೆ ಒಂದು ತಿಂಗಳಾ? ನಿಮ್ಮ ಕೈಗೇನು ಬಂತು?" ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು, ಅದು ಇನ್ನೂ ಕಷ್ಟ. ಅವನು, "ಆಗುತ್ತೆ ಬಿಡಿ" ಅಂದ. ಯಜಮಾನರು ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಅಯ್ಯೋ, ಇಷ್ಟೊಂದಿವೆ! ಒಂದಕ್ಕಿಂತ ಒಂದು ಲಕ್ಷಣವಾಗಿವೆ. ಯಾವುದಾದ್ರೂ ಕೂರಿಸಿ ಮುಗಿಸಿ ಮಾರಾಯರೇ" ಅಂದು ಹೊರಟುಹೋದರು. ಉಜ್ಜಪ್ಪ ಹಲಗೆಯನ್ನು ಎಳೆದುಕೊಂಡು, "ಮುಖ ಬರೋವರೆಗೆ ನಾನು ಕೆಳಗಿಂದ ಉಜ್ಕೊಂಡು ಬರ್ತೀನಿ, ನೀನು ಅವಸರ ಮಾಡ್ಬೇಡ" ಅಂತ ಸ್ಯಾಂಡ್ ಪೇಪರ್ ಮಡಚಿದ. ಸರಬರ ಸರಬರ ಅಂತ ಶುರುವಾಯಿತು. ಆ ಸದ್ದು ಅವನಿಗೆ ಇಷ್ಟ. ಎಲ್ಲ ಒರಟೂ ಒಂದೇ ಮಟ್ಟಕ್ಕೆ ಬರುತ್ತಿದೆ ಅನ್ನುವ ಸಮಾಧಾನ ಅದರಲ್ಲಿ ಇರುತ್ತಿತ್ತು. ಇವತ್ತು ಅದೂ ಹಲ್ಲಿಗೆ ತಾಗಿದ ಹಾಗೆ ಕೇಳಿಸಿತು.

ಸದ್ದು ನಿಂತಿತು. "ಅಣ್ಣಾ," ಅಂದ ಉಜ್ಜಪ್ಪ, ಎಂದಿನ ತಮಾಷೆಯ ದನಿ ಅಲ್ಲ. "ಇಲ್ಲಿ ಬಾ ಸ್ವಲ್ಪ. ಇದೇನಿದು ಕಾಲು?" ಅವನು ಮಂಡಿಯ ಮೇಲೆ ಸರಿದು ಬಂದ. ಉಜ್ಜಪ್ಪ ಒದ್ದೆ ಬಟ್ಟೆಯಿಂದ ಪುಡಿ ಒರೆಸಿದ. ಸರಸ್ವತಿಯ ಮಡಚಿದ ಕಾಲು ಸೀರೆಯ ಒಳಗಿತ್ತು, ಇಳಿಬಿಟ್ಟ ಎಡಪಾದವೊಂದೇ ಅಂಚಿನಿಂದ ಹೊರಗೆ. ಬೆರಳುಗಳು ಸಾಲಾಗಿದ್ದವು, ಕಿರುಬೆರಳೊಂದನ್ನು ಬಿಟ್ಟು. ಅದು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಹಟ ಮಾಡಿ ಮೇಲೆ ಹತ್ತಿದ ಹಾಗೆ. "ಕಣ್ತಪ್ಪು ಆಗುತ್ತೆ ಬಿಡು. ಆದ್ರೆ ದೇವಿ ಪಾದ ಹೀಗಿದ್ರೆ ಯಾರಾದ್ರೂ ಆಡ್ಕೊಳ್ಳಲ್ವಾ? ಉಜ್ಜಿದ್ರೂ ಹೋಗಲ್ಲ, ಆಳಕ್ಕೆ ಗೀರಿದ್ದೀಯ." ಉಜ್ಜಪ್ಪ ಮಾತಾಡುತ್ತಲೇ ಇದ್ದ. ಮುಖದಣ್ಣನಿಗೆ ಏನೂ ಕೇಳಿಸುತ್ತಿರಲಿಲ್ಲ. ನೆಲ ಕಾಣಿಸುತ್ತಿತ್ತು, ಮರದ ಹೊಟ್ಟು ಬಿದ್ದ ಇದೇ ನೆಲ, ಅದರ ಮೇಲೆ ಮಧ್ಯಾಹ್ನದ ಬಿಸಿಲಿನ ಚೌಕ, ಚೌಕದೊಳಗೆ ಎರಡು ಪಾದ. ಹೊಟ್ಟಿನಲ್ಲಿ ಬೆರಳಾಡಿಸುತ್ತ, ಒಂದರ ಮೇಲೊಂದು ಉಜ್ಜಿಕೊಳ್ಳುತ್ತ, ಹಿಮ್ಮಡಿ ಎತ್ತಿ ಇಳಿಸುತ್ತ, ಒಂದು ನಿಮಿಷ ಸುಮ್ಮನಿರದ ಪಾದ. ಮಗಳು ದಿನಾ ಊಟದ ಡಬ್ಬಿ ತಂದು ಇಲ್ಲೇ ನಿಲ್ಲುತ್ತಿದ್ದಳು. ಕಾಲೇಜಿನದು, ಗೆಳತಿಯದು, ಬಸ್ಸಿನಲ್ಲಿ ಜಗಳವಾಡಿದ ಮುದುಕನದು ಎಲ್ಲ ಹೇಳುತ್ತಿದ್ದಳು. ಇವನು ಗರಗಸದಿಂದ ತಲೆ ಎತ್ತದೆ ಹ್ಞೂಂ, ಹ್ಞೂಂ ಅನ್ನುತ್ತಿದ್ದ. ಕಥೆ ಮುಗಿದರೆ ಪಾದ ತಿರುಗಿ ಹೋಗುವುದು. ಇಷ್ಟು ವರ್ಷ ಇವನು ಕಂಡದ್ದು ಅಷ್ಟು. ಅಷ್ಟನ್ನು ಕೈ ತಪ್ಪದೆ ಇಟ್ಟುಕೊಂಡಿತ್ತು, ಇವನನ್ನು ಕೇಳದೆ ಕೊಯ್ದೂ ಕೊಟ್ಟಿತ್ತು.

ಯಜಮಾನರಿಗೆ ವಿಷಯ ಹೋಯಿತು. ಬಂದು ಕನ್ನಡಕ ಏರಿಸಿ ನೋಡಿ, "ಛೆ ಛೆ, ತೆಗೀರಿ ಇದನ್ನ. ಬೇರೆ ಕೂರಿಸಿ" ಅಂದರು. ಇರಲಿ ಬಿಡಿ ಅನ್ನಬೇಕು ಅಂತ ಬಾಯಿವರೆಗೆ ಬಂತು. ಯಾಕೆ ಅಂತ ಕೇಳಿದರೆ ಏನು ಹೇಳುವುದು? ಇದು ನನ್ನ ಮಗಳ ಕಾಲು ಅಂತಲೇ? ಇಷ್ಟು ದೊಡ್ಡ ಮುಖದಣ್ಣ, ಮುಖ ಬಿಟ್ಟು ಕಾಲು ತಂದಿದ್ದಾನೆ ಅಂತ ಕರುಣೆ ಪಟ್ಟಾರು. "ಆಯ್ತು" ಅಂದ. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ, ಒದ್ದೆ ಬಟ್ಟೆಯ ಮೇಲಿಂದ ಪಾದಕ್ಕೆ ಒತ್ತಿ, ಅಂಟು ಮೆತ್ತಗಾದ ಮೇಲೆ ತೆಳು ಚಾಕು ತೂರಿಸಿ ಎಬ್ಬಿಸಿದ. ಕೈ ನಡುಗಲಿಲ್ಲ, ಅದಕ್ಕೇ ಅವನಿಗೆ ತನ್ನ ಕೈಯ ಮೇಲೆ ಅಸಹ್ಯವಾಯಿತು. ಬಿಸಿಯಾಗಿತ್ತು ಚೂರು. ಅಂಗಿಯ ಜೇಬಿಗೆ ಹಾಕಿಕೊಂಡ. ಅದೇ ಬಿಳಿ ಮರದ ಹಲಗೆಯಿಂದ ಇನ್ನೊಂದು ಪಾದ ಕೊಯ್ದ, ಐದೂ ಬೆರಳು ಸಾಲಾಗಿ, ಒಳ್ಳೆಯ ಮಕ್ಕಳ ಹಾಗೆ. ಆಮೇಲೆ ಡಬ್ಬಿ ತೆಗೆದು ಕಣ್ಣು ಮುಚ್ಚಿ ಕೈ ಹಾಕಿ ಸಿಕ್ಕಿದ ಮುಖವನ್ನು ಗುಳಿಗೆ ಒತ್ತಿದ. ಟಕ್ ಅಂತ ಕೂತಿತು. ಒಂದು ಎಳೆ ಸಂದಿಲ್ಲ. "ವಾಹ್," ಅಂದ ಉಜ್ಜಪ್ಪ ಅಭ್ಯಾಸಬಲದಿಂದ, ಆಮೇಲೆ ಅವನ ಮುಖ ನೋಡಿ ಸ್ಯಾಂಡ್ ಪೇಪರ್ ಕೈಗೆತ್ತಿಕೊಂಡ.

ಗಾಡಿ ತಡವಾಯಿತು. ಉಜ್ಜಪ್ಪನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಮನೆಗೆ ಹೊರಟರು. ಪಾಲಿಶ್ ಆದ ಹಲಗೆಯನ್ನು ಗೋಡೆಗೆ ಒರಗಿಸಿ ಅವನು ತನ್ನ ಜಾಗದಲ್ಲೇ ನೆಲದ ಮೇಲೆ ಕೂತಿದ್ದ, ನೋಡಲು ಬರಲಿರುವ ಹೆಂಡತಿಗೆ ಏನು ಹೇಳುವುದೆಂದು ತೋಚದೆ. ಅವಳು ಅಂಗಡಿಯಿಂದ ನೇರ ಬಂದಳು. ಸೀರೆಯ ಮೇಲೆ ದಾರದ ಚೂರುಗಳಿದ್ದವು. "ಅಕ್ಕಾ, ಬನ್ನಿ ಬನ್ನಿ" ಅಂದ ಉಜ್ಜಪ್ಪ ಇಬ್ಬರನ್ನೂ ಒಮ್ಮೆ ನೋಡಿ, "ನಾನು ಗಾಡಿ ಬಂತಾ ನೋಡಿ ಬರ್ತೀನಿ" ಅಂತ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಅವಳು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕನ್ನಡಕ ಒರೆಸಿಕೊಂಡು ಹಾಕಿದಳು. ತುಂಬ ಹೊತ್ತು ನೋಡಿದಳು, ಹತ್ತಿರದಿಂದ, ಓರೆಯಿಂದ, ಮತ್ತೆ ಹತ್ತಿರದಿಂದ. ಅವಳು ಅದರಲ್ಲಿ ಮಗಳನ್ನು ಹುಡುಕುತ್ತಿದ್ದಾಳೆ, ಸಿಗದಿದ್ದರೂ ಸಿಕ್ಕಿದಳು ಅಂದುಕೊಳ್ಳಲು ಒದ್ದಾಡುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಗುತ್ತಿತ್ತು.

"ಇದು ಅವಳಲ್ಲ," ಅಂದಳು ಕೊನೆಗೆ.

"ಅಲ್ಲ."

"ಬರ್ತಾ ಇದೆ ಅಂದ್ರಲ್ರೀ ದಿನಾ?"

"ಬರಲಿಲ್ಲ ಕಣೇ. ಒಂದಿನಾನೂ ಬರಲಿಲ್ಲ. ಸುಳ್ಳು ಹೇಳ್ತಿದ್ದೆ." ಜೇಬಿಗೆ ಕೈ ಹಾಕಿ ಆ ಚೂರನ್ನು ತೆಗೆದು ಹಿಡಿದ. "ಇದೊಂದು ಬಂತು. ನಾನು ಮಾಡಿದ್ದಲ್ಲ, ತಾನಾಗೇ ಬಂತು."

ಅವಳು ಅಂಗೈಗೆ ಹಾಕಿಕೊಂಡು ಬಲ್ಬಿನ ಕೆಳಗೆ ಹೋಗಿ ನಿಂತಳು. ಕಿರುಬೆರಳು ಕಂಡದ್ದೇ ತಡ, "ಅಯ್ಯೋ ನನ್ನ ಗಿಲಕೀ" ಅಂತ ಒಂದು ಕೂಗು ಹೊರಟು ಅರ್ಧಕ್ಕೇ ನಿಂತಿತು. ಅತ್ತಳು, ಜೋರಾಗಿ, ಮೂಗು ಸೆರಗಿಗೆ ಒರೆಸಿಕೊಂಡು ಮತ್ತೆ ಅತ್ತಳು. "ಯಾವ ಚಪ್ಪಲಿ ತಂದ್ರೂ ಅಲ್ಲೇ ಕಚ್ಚೋದು. ನೆನಪಿದ್ಯಾ? ಅಂಗಡಿಯೋನು ಪಾಪ, ಅರ್ಧ ಅಂಗಡಿ ಇಳಿಸಿದ್ದ. ಇವಳು ಇದಲ್ಲ, ಇದಲ್ಲ ಅಂತ..." ಅಳುವಿನ ನಡುವೆಯೇ ನಗು ಬಂತು ಅವಳಿಗೆ. ಅವನೂ ನಕ್ಕ. ಎಷ್ಟು ತಿಂಗಳಾಗಿತ್ತೋ ಇಬ್ಬರೂ ಒಟ್ಟಿಗೆ ನಕ್ಕು. ಅವಳು ಬೆರಳಿನಿಂದ ಆ ಕಿರುಬೆರಳನ್ನು ಸವರುತ್ತ ಸವರುತ್ತ ನಿಂತವಳು, ತಟ್ಟನೆ ಕೈ ನಿಲ್ಲಿಸಿದಳು.

"ಆದ್ರೆ ಇದು ಎಡಗಾಲು."

"ಹ್ಞೂಂ, ಎಡ."

"ಅವಳದ್ದು ಬಲಗಾಲಲ್ವೇನ್ರೀ?"

"ಅಲ್ಲ, ಎಡಾನೇ."

"ನೀವು ಎದುರಿಗೆ ಕೂತು ನೋಡಿದ್ದು. ಎದುರಿಂದ ನೋಡಿದ್ರೆ ತಿರುವುಮುರುವಾಗುತ್ತೆ."

"ಅಷ್ಟೂ ತಿಳಿಯಲ್ವಾ ನನಗೆ? ಹುಟ್ಟಿದಾಗಿಂದ ಇದೇ ಕೆಲಸ ಮಾಡಿಲ್ವಾ?"

"ಗಾಯ ಆದ್ರೆ ಬಟ್ಟೆ ಸುತ್ತಿ ಕೊಟ್ಟೋಳು ನಾನು. ಬಲ!"

"ಎಡ ಅಂದ್ರೆ ಎಡ!"

ದನಿ ಏರಿತ್ತು. ಮಗಳು ಹೋದ ಮೇಲೆ ಮೊದಲ ಜಗಳ. ಮನೆಯಲ್ಲಿ ಇಷ್ಟು ದಿನ ಇಬ್ಬರೂ ಗಾಜಿನ ಸಾಮಾನು ಹೊತ್ತವರ ಹಾಗೆ ಓಡಾಡಿದ್ದರು. "ಹಾಗಾದ್ರೆ ಅವಳ ಆಣೆ ಮಾಡಿ ಹೇಳಿ," ಅಂದಳು. ಅವನು ಬಾಯಿ ತೆರೆದ. ಬಿಸಿಲಿನ ಚೌಕದಲ್ಲಿ ಪಾದ ಆಡುತ್ತಿದ್ದವು, ಈ ಪಾದ ಆ ಪಾದದ ಮೇಲೆ, ಆ ಪಾದ ಈ ಪಾದದ ಮೇಲೆ. "ನೀನೇ ಮಾಡು," ಅಂದ. ಅವಳ ತುಟಿ ಅಲ್ಲಾಡುತ್ತಿತ್ತು, ಬಟ್ಟೆ ಸುತ್ತಿದ್ದು ಯಾವ ಕಡೆಗೆ ಬಗ್ಗಿ ಅಂತ ನೆನಪು ಮಾಡಿಕೊಳ್ಳುವ ಹಾಗೆ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಕೈ ಚಾಚಿ ನೋಡಿದಳು.

"ಎಲ್ಲಿ ನಿಲ್ತಿದ್ದಳು ಅವಳು?"

"ಅಲ್ಲೇ. ಇನ್ನೂ ಸ್ವಲ್ಪ ಹಿಂದೆ."

ಅವಳು ಚಪ್ಪಲಿ ಕಳಚಿ ಹೊಟ್ಟಿನ ಮೇಲೆ ನಿಂತಳು. "ಈಗ ಬಗ್ಗಿ ಕೂತು ನೋಡಿ. ಕೆಲಸ ಮಾಡೋವಾಗಿನ ಹಾಗೇ ಕೂರಿ." ಅವನು ಗರಗಸ ಹಿಡಿದವನ ಹಾಗೆ ಬಗ್ಗಿದ. ಹೆಂಡತಿಯ ಪಾದ ಕಂಡವು: ಒಡೆದ ಹಿಮ್ಮಡಿ, ಮಿಷನ್ ತುಳಿದು ತುಳಿದು ಊದಿದ ಹೆಬ್ಬೆರಳು, ಕಪ್ಪಾದ ಒಂದು ಉಗುರು. ಅವುಗಳ ಮೇಲೆ ಮಗಳ ಪಾದಗಳನ್ನು ನೆನಪಿನಿಂದ ತಂದು ಇಡಲು ನೋಡಿದ. ಆ ಹತ್ತಿದ ಕಿರುಬೆರಳನ್ನು ಎಡಕ್ಕೆ ಇಟ್ಟ, ಸರಿ ಅನ್ನಿಸಿತು. ಬಲಕ್ಕೆ ಇಟ್ಟ, ಅದೂ ಸರಿ ಅನ್ನಿಸಿತು. ಮುಖ ಹೋಗಿತ್ತು, ಈಗ ಕಣ್ಣೆದುರಿಗೇ ಇದೂ ಕೈಜಾರುತ್ತಿತ್ತು. ಇನ್ನೂ ನೋಡಿದರೆ ಪೂರ್ತಿ ಹೋಗಿಬಿಡುತ್ತದೆ ಅಂತ ಹೆದರಿಕೆಯಾಯಿತು.

"ಗೊತ್ತಾಗ್ತಿಲ್ಲ ಕಣೇ," ಅಂದ. ಮಕ್ಕಳ ಹಾಗೆ ಬಿಕ್ಕಿದ. "ನನಗೆ ಏನೂ ಗೊತ್ತಾಗ್ತಿಲ್ಲ."

ಹೊರಗೆ ಗಾಡಿ ಬಂದ ಸದ್ದಾಯಿತು. ಅವಳು ಕದಲಲಿಲ್ಲ.

"ತಲೆ ಎತ್ತಿ," ಅಂದಳು.

ಅವನು ಎತ್ತಲಿಲ್ಲ.

"ಎತ್ರೀ ತಲೆ. ಅವಳಂತೂ ಹೋದಳು. ನನ್ನನ್ನಾದ್ರೂ ಸರಿಯಾಗಿ ನೋಡಿಟ್ಕೊಳ್ಳಿ."

ಅವನು ತಲೆ ಎತ್ತಿದ. ಕತ್ತು ನೋವಾಯಿತು. ಬಲ್ಬು ಅವಳ ಹಿಂದೆ ಇದ್ದದ್ದರಿಂದ ಮೊದಲು ಏನೂ ಕಾಣಲಿಲ್ಲ, ಆಮೇಲೆ ನಿಧಾನವಾಗಿ ಕಂಡಿತು. ಕಣ್ಣು ಊದಿತ್ತು. ಕೆನ್ನೆಯ ಮೇಲೆ, ಕನ್ನಡಕದ ಕೆಳಗೆ, ಸಾಸಿವೆಯಷ್ಟು ಒಂದು ಮಚ್ಚೆ ಇತ್ತು. ಅದು ಹೊಸದೋ, ಮೊದಲಿಂದಲೂ ಇತ್ತೋ ಅಂತ ಕೇಳಲು ಅವನಿಗೆ ಬಾಯಿ ಬರಲಿಲ್ಲ.